ದಾಂಡೇಲಿಯ ಹೊಳೆದಂಡೆಯ ರೂಮು: ಹಣ ಕಟ್ಟುವ ಮೊದಲು ಬೇಲಿಯ ವಿಷಯ ಕೇಳಿ

ಡಿಸೆಂಬರ್ ಮೂರನೆಯ ವಾರ ನಾವು ದಾಂಡೇಲಿಗೆ ಹೋದದ್ದು ಕಾಳಿ ನದಿಯ ದಂಡೆಯಲ್ಲಿ ಎರಡು ರಾತ್ರಿ ಕಳೆಯುವುದಕ್ಕೆಂದೇ. ನಾನು, ನನ್ನ ಹೆಂಡತಿ, ಎಪ್ಪತ್ತು ದಾಟಿದ ಅಪ್ಪ ಮತ್ತು ನಾಲ್ಕು ವರ್ಷದ ಮಗಳು. ರೂಮಿನ ಬಾಗಿಲಿನಿಂದ ಇಪ್ಪತ್ತು ಹೆಜ್ಜೆ ಇಟ್ಟರೆ ನೀರು ಎಂದು ಫೋನಿನಲ್ಲಿ ಹೇಳಿದ್ದರು, ಅದು ನಿಜವೇ ಆಗಿತ್ತು. ಆ ಇಪ್ಪತ್ತು ಹೆಜ್ಜೆಗಳ ನಡುವೆ ಏನಿದೆ ಎಂದು ನಾನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಅಲ್ಲಿದ್ದದ್ದು ನಾಲ್ಕು ಮರದ ಗೂಟಗಳಿಗೆ ಸೊಂಟದೆತ್ತರದಲ್ಲಿ ಕಟ್ಟಿದ ಒಂದು ನೈಲಾನ್ ಹಗ್ಗ. ಅದರ ನಡುವೆ ಜಾಗ ಬಿಟ್ಟು ನೀರಿಗಿಳಿಯಲು ಕಲ್ಲಿನ ಮೆಟ್ಟಿಲು ಮಾಡಿದ್ದರು, ಕೊನೆಯ ಮೆಟ್ಟಿಲ ಪಕ್ಕದಲ್ಲಿ ಫೋಟೋ ತೆಗೆಸಿಕೊಳ್ಳಲೆಂದು ಎರಡು ಕುರ್ಚಿ ಹಾಕಿದ್ದರು. ಫಲಕದಲ್ಲಿ ‘ಈಜು ನಿಷೇಧಿಸಲಾಗಿದೆ’ ಎಂದಷ್ಟೇ ಇತ್ತು. ಕಾಳಿಯಲ್ಲಿ ಮೊಸಳೆಗಳಿವೆ, ಆದರೆ ಮೊಸಳೆ ಎಂಬ ಪದ ಎಲ್ಲಿಯೂ ಇರಲಿಲ್ಲ. ಹಿಂದಿನ ಸಾಲಿನ ರೂಮಿಗಿಂತ ದಿನಕ್ಕೆ 1,500 ರೂಪಾಯಿ ಹೆಚ್ಚು, ಒಟ್ಟು 7,500 ರೂಪಾಯಿಯನ್ನು ನಾವು ಕೊಟ್ಟದ್ದು ಈ ಜಾಗಕ್ಕೆ. ಹುಬ್ಬಳ್ಳಿಯಿಂದ ಬಂದ ಬಸ್ಸಿನಲ್ಲಿ ಹಳಿಯಾಳದವರೆಗೆ ನಿಂತೇ ಬಂದದ್ದು ನನಗೆ ದೊಡ್ಡ ವಿಷಯವಲ್ಲ, ಜನಸಂದಣಿ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಆದರೆ ಕೂಸು ಕಣ್ಣು ತಪ್ಪಿಸಿ ಹಗ್ಗದ ಕೆಳಗೆ ನುಸುಳುವಂತಿದ್ದ ಆ ಅಂಗಳವನ್ನು ಕಂಡಾಗ ದಣಿವೆಲ್ಲ ಒಮ್ಮೆಗೇ ಭಾರವಾಯಿತು.

ವಿಷಯದ ತೀವ್ರತೆಯನ್ನು ನನಗೆ ತಿಳಿಸಿದವರು ರೆಸಾರ್ಟಿನವರಲ್ಲ, ಊರೊಳಗಿನ ಒಂದು ಸಣ್ಣ ಖಾನಾವಳಿಯ ಅಮ್ಮ. ಆರು ಮೇಜುಗಳ ಆ ಜಾಗದಲ್ಲಿ ನಾವು ಮೂರು ಹೊತ್ತು ಉಂಡೆವು. ಕಾವಲಿಯಿಂದ ನೇರವಾಗಿ ತಟ್ಟೆಗೆ ಬರುವ ಬಿಸಿ ಜೋಳದ ರೊಟ್ಟಿ, ಶೇಂಗಾ ಪುಡಿ ಹಾಕಿ ಕುದಿಸಿದ ಎಣ್ಣೆಗಾಯಿ, ಕಟ್ಟಿನ ಸಾರು, ಕೆನೆಮೊಸರು, ಹಸಿ ಉಳ್ಳಾಗಡ್ಡಿ. ಇಷ್ಟಕ್ಕೂ ತಲೆಗೆ 90 ರೂಪಾಯಿ. ಹಲ್ಲಿನ ತೊಂದರೆಯಿರುವ ಅಪ್ಪನಿಗೆ ಅವರು ಕೇಳದೆಯೇ ರೊಟ್ಟಿಯನ್ನು ಸಾರಿನಲ್ಲಿ ಮುರಿದು ನೆನೆಹಾಕಿ ಕೊಟ್ಟರು, ಮಗಳಿಗೆ ಬೆಲ್ಲ ತುಪ್ಪ ಹಚ್ಚಿದ ಚಪಾತಿ ಮಾಡಿಕೊಟ್ಟು ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ನಾವು ತಂಗಿದ ಕಡೆ ಅರ್ಧ ತಣ್ಣಗಾದ ಬಫೆ ಊಟಕ್ಕೆ 450 ರೂಪಾಯಿ ಇತ್ತು. ಎಲ್ಲಿ ಇಳಿದುಕೊಂಡಿದ್ದೀರಿ ಎಂದು ಕೇಳಿದ ಆ ಅಮ್ಮ ಉತ್ತರ ಕೇಳಿದ ಕೂಡಲೇ ಬಡಿಸುವುದನ್ನು ನಿಲ್ಲಿಸಿ, “ಅಣ್ಣಾ, ಕೂಸಿನ್ನ ಹೊಳಿ ದಂಡಿಗೆ ಬಿಡಬ್ಯಾಡ್ರಿ. ಸಂಜಿ ಆತಂದ್ರ ನಾವೂ ಆ ಕಡೆ ಹೋಗೂದಿಲ್ಲ” ಎಂದರು. 2021ರ ಅಕ್ಟೋಬರಿನಲ್ಲಿ ಇದೇ ಊರಿನಲ್ಲಿ, ದಂಡೆಯಲ್ಲಿ ಮೀನು ಹಿಡಿಯುತ್ತಿದ್ದ ಬಾಲಕನೊಬ್ಬನನ್ನು ಮೊಸಳೆ ಎಳೆದೊಯ್ದದ್ದನ್ನು ಅವರು ನೆನಪಿಸಿದರು. ಪತ್ರಿಕೆಯಲ್ಲಿ ಓದಿದ್ದ ಸುದ್ದಿ, ಮರೆತಿದ್ದೆ.

ಮರುದಿನ ಬೆಳಿಗ್ಗೆ ಮಂಜು ಕರಗಿದಾಗ ಎದುರಿನ ಬಂಡೆಯ ಮೇಲೆ ಒಂದು ಮೊಸಳೆ ಬಾಯಿ ತೆರೆದು ಬಿಸಿಲು ಕಾಯುತ್ತಿತ್ತು. ಚಳಿಗಾಲದಲ್ಲಿ ಅವು ಹೀಗೆ ಮೈ ಬೆಚ್ಚಗೆ ಮಾಡಿಕೊಳ್ಳಲು ಹೊರಬರುವುದರಿಂದಲೇ ಪ್ರವಾಸಿಗರ ಕಣ್ಣಿಗೆ ಬೀಳುತ್ತವೆ. ಕಾಣುವ ಮೊಸಳೆಗಿಂತ, ಮೂಗಿನ ತುದಿ ಮತ್ತು ಕಣ್ಣು ಮಾತ್ರ ಮೇಲಿಟ್ಟುಕೊಂಡು ದಂಡೆಯ ಪಕ್ಕದಲ್ಲೇ ಮುಳುಗಿರುವ ಮೊಸಳೆ ಹೆಚ್ಚು ಅಪಾಯಕಾರಿ. ಮೊಣಕಾಲುದ್ದದ ನೀರೂ ಅದಕ್ಕೆ ಸಾಕು. ಅಡುಗೆಮನೆಯ ಹುಡುಗನೊಬ್ಬ ಕೋಳಿಯ ತ್ಯಾಜ್ಯವನ್ನು ನಮ್ಮ ಮೆಟ್ಟಿಲಿಂದ ಹತ್ತು ಮಾರು ದೂರದಲ್ಲಿ ನದಿಗೆ ಸುರಿದದ್ದನ್ನು ನಾನು ಕಣ್ಣಾರೆ ಕಂಡೆ. ತಡೆ ಕಟ್ಟಬೇಕಾದ ಜಾಗದಲ್ಲಿ ಇವರು ಕರೆದು ಊಟ ಹಾಕುತ್ತಿದ್ದರು. ಇನ್ನೊಂದು ಸಂಗತಿಯೂ ಅಂದೇ ಅರಿವಾಯಿತು: ಮೇಲೆ ಗಣೇಶಗುಡಿಯ ಸೂಪಾ ಅಣೆಕಟ್ಟೆಯಿಂದ ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಕೆಳಗೆ ನದಿಯ ಮಟ್ಟ ಏರುತ್ತದೆ. ಬೆಳಿಗ್ಗೆ ಒಣಗಿದ್ದ ಮೂರು ಮೆಟ್ಟಿಲುಗಳು ಮಧ್ಯಾಹ್ನ ನೀರಿನೊಳಗಿದ್ದವು, ಆ ಎರಡು ಕುರ್ಚಿಗಳ ಕಾಲೂ ತೊಯ್ದಿತ್ತು.

ವ್ಯವಸ್ಥಾಪಕರಿಗೆ ಹೇಳಿದಾಗ, ಇಷ್ಟು ವರ್ಷದಲ್ಲಿ ನಮ್ಮಲ್ಲಿ ಏನೂ ಆಗಿಲ್ಲ ಸರ್, ಬೇಲಿ ಹಾಕಿದರೆ ನದಿ ಕಾಣುವುದಿಲ್ಲವೆಂದು ಗಿರಾಕಿಗಳೇ ದೂರುತ್ತಾರೆ ಎಂದರು. ಆ ಮಾತು ಕೇಳಿ ನನಗೆ ನೆನಪಾದದ್ದು ಇದು: 2016ರ ಜೂನಿನಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ, ಡಿಸ್ನಿ ವರ್ಲ್ಡ್ ಎಂಬ ಮನರಂಜನಾ ತಾಣದ ಹೋಟೆಲೊಂದರ ಮುಂದಿನ ಕೃತಕ ಸರೋವರದ ಮರಳ ದಂಡೆಯಲ್ಲಿ ರಾತ್ರಿ ಆಟವಾಡುತ್ತಿದ್ದ ಎರಡು ವರ್ಷದ ಮಗುವನ್ನು ಮೊಸಳೆಯ ಹತ್ತಿರದ ಸಂಬಂಧಿಯಾದ ಅಲಿಗೇಟರ್ ಎಳೆದೊಯ್ದಿತು. ಅಲ್ಲಿಯೂ ಫಲಕದಲ್ಲಿ ಈಜಬಾರದು ಎಂದಷ್ಟೇ ಇತ್ತು. ಆಮೇಲೆ ಹಗ್ಗದ ತಡೆ ಬಂತು, ಅಲಿಗೇಟರ್ ಮತ್ತು ಹಾವುಗಳ ಹೆಸರು ಹೇಳುವ ಫಲಕ ಬಂತು, ಮುಂದೆ ಬಂಡೆಗಳನ್ನು ಜೋಡಿಸಿದ ಗೋಡೆಯೂ ಬಂತು. ಹುಡುಕಾಟದಲ್ಲಿ ಹಲವು ಅಲಿಗೇಟರುಗಳನ್ನೂ ಕೊಂದರು. ಬೇಲಿ ಮನುಷ್ಯನನ್ನು ಮಾತ್ರವಲ್ಲ, ಪ್ರಾಣಿಯನ್ನೂ ಕಾಯುತ್ತದೆ ಎಂದು ನಾನು ಆ ವ್ಯವಸ್ಥಾಪಕರಿಗೆ ಹೇಳಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ, ಅಂದರೆ ಅತಿ ಹೆಚ್ಚು ರಕ್ಷಣೆಯುಳ್ಳ ಪ್ರಾಣಿಯ ಮನೆಯಂಗಳದಲ್ಲಿ ನಾವು ರೂಮು ಕಟ್ಟಿಕೊಂಡಿದ್ದೇವೆ.

ತಡೆ ಕಟ್ಟುವುದು ಗೊತ್ತಿಲ್ಲದ ವಿದ್ಯೆಯೇನಲ್ಲ. ಶ್ರೀಲಂಕಾದ ಹಳ್ಳಿಗರು ಸ್ನಾನದ ಜಾಗದಲ್ಲಿ ನೀರೊಳಗೇ ಒತ್ತಾಗಿ ಗೂಟ ನೆಟ್ಟು ಆವರಣ ಮಾಡುತ್ತಾರೆ, ಒಡಿಶಾದ ಭಿತರಕನಿಕ ರಾಷ್ಟ್ರೀಯ ಉದ್ಯಾನದ ಸುತ್ತ ಅರಣ್ಯ ಇಲಾಖೆಯೇ ಸ್ನಾನಘಟ್ಟಗಳಿಗೆ ತಡೆ ಹಾಕಿಸಿದೆ. ರೆಸಾರ್ಟಿನಲ್ಲಿ ನೀವು ನೋಡಬೇಕಾದದ್ದು ಇಷ್ಟು: ಜಾಲರಿ ನೆಲಕ್ಕೆ ತಾಗಿರಬೇಕು, ಬುಡ ಮಣ್ಣಿನೊಳಗೆ ಹೂತಿರಬೇಕು, ಏಕೆಂದರೆ ಮೊಸಳೆ ನುಗ್ಗುವುದು ಕೆಳಗಿನ ಸಂದಿಯಿಂದ. ನೀರು ಏರಿದಾಗ ತಲುಪುವ ಗುರುತಿಗಿಂತ ಬೇಲಿ ಮೇಲಿರಬೇಕು. ಗೇಟು ತಾನಾಗಿ ಮುಚ್ಚಿಕೊಳ್ಳುವಂತಿರಬೇಕು, ಅದರ ಚಿಲಕ ಮಗುವಿನ ಕೈಗೆ ಎಟುಕಬಾರದು. ಬೇಲಿಯ ಆಚೀಚೆ ಪೊದೆ ಸವರಿರಬೇಕು. ರಾತ್ರಿಯ ಹೊತ್ತು ಮೊಸಳೆಗಳು ನೆಲದ ಮೇಲೂ ನಡೆದು ಹೋಗುವುದರಿಂದ ರೂಮಿನ ಮುಂದಿನ ದಾರಿಗೆ ದೀಪ ಇರಲೇಬೇಕು. ಆನೆ ತಡೆಯುವ ಸೌರ ಬೇಲಿಯ ಒಂದೆರಡು ಎಳೆ ತಂತಿ ತೋರಿಸಿ ಇದೆಯಲ್ಲ ಎಂದರೆ ಒಪ್ಪಬೇಡಿ, ಮೊಸಳೆಗೆ ಅದರ ಕೆಳಗೆ ದಾರಿ ಇರುತ್ತದೆ.

ಎರಡನೆಯ ರಾತ್ರಿ ನಾವು ಅಲ್ಲಿ ಉಳಿಯಲಿಲ್ಲ. ಮುಂಗಡದ ಹಣ ಹಿಂದಿರುಗಲಿಲ್ಲ. ಊರೊಳಗೆ 1,200 ರೂಪಾಯಿಯ ಲಾಡ್ಜಿನಲ್ಲಿ ಮಲಗಿದೆವು, ಮಗಳು ಬಾಗಿಲು ತೆರೆದು ಓಡಾಡಿಕೊಂಡಿದ್ದಳು. ಬೆಂಗಳೂರಿಗೆ ಬಂದ ಮೇಲೆ ನದಿದಂಡೆಯ ಐದು ಕಡೆ ಫೋನು ಮಾಡಿ, ರೂಮಿನ ಫೋಟೋ ಬೇಡ, ರೂಮಿಗೂ ನೀರಿಗೂ ನಡುವಿನ ಜಾಗದ ಫೋಟೋ ಕಳಿಸಿ, ಅಡುಗೆಮನೆಯ ಕಸ ಎಲ್ಲಿ ಹಾಕುತ್ತೀರಿ ಹೇಳಿ ಎಂದು ಕೇಳಿದೆ. ಇಬ್ಬರು ಫೋಟೋ ಕಳಿಸಿದರು. ಅದರಲ್ಲೊಂದರಲ್ಲಿ ಬುಡ ಹೂತ ಜಾಲರಿಯೂ ಕನ್ನಡದಲ್ಲಿ ‘ಮೊಸಳೆಗಳಿವೆ’ ಎಂದು ಬರೆದ ಫಲಕವೂ ಕಾಣುತ್ತಿದ್ದವು. ಫೆಬ್ರವರಿಗೆ ಅಲ್ಲಿಯೇ ರೂಮು ಹಿಡಿದಿದ್ದೇನೆ.