ಬೆಣ್ಣೆದೋಸೆಯ ದುಡ್ಡಿನಲ್ಲಿ ಹುಸೇನ್ ಸಾಗರಕ್ಕೆ

ಜೂನ್ ಕೊನೆಯ ವಾರದ ಒಂದು ಬೆಳಗಿನ ಜಾವ, ದಾವಣಗೆರೆಯ ನಮ್ಮ ಕಾಲೇಜಿನ ಹಿಂದಿನ ಗೇಟಿನ ಬಳಿ, ಎರಡು ಹಾಯಿದೋಣಿಗಳನ್ನು ಒಂದರ ಮೇಲೊಂದು ಕವುಚಿ, ನಡುವೆ ಹಾಸ್ಟೆಲಿನ ಹಳೆಯ ಹಾಸಿಗೆಗಳನ್ನು ತುರುಕಿ, ಬಾಡಿಗೆಯ ಲಾರಿಗೆ ಬಿಗಿದು ಕಟ್ಟಿದೆವು. ಒಂದೊಂದು ದೋಣಿಯೂ 4.23 ಮೀಟರ್ ಉದ್ದ. ಬರಿಯ ಒಡಲಿನ ತೂಕ 59 ಕೆ.ಜಿ. ಈಗ ಐಎಲ್‌ಸಿಎ ಎಂಬ ಹೆಸರಿದ್ದರೂ ಹಳಬರ ಬಾಯಲ್ಲಿ ಇನ್ನೂ ಲೇಸರ್ ಎಂದೇ ಉಳಿದಿರುವ, ಒಬ್ಬರೇ ಕುಳಿತು ನಡೆಸುವ ದೋಣಿ ಇದು. ಹಿಂದೆ ಚಾಚಿಕೊಂಡ ಭಾಗಕ್ಕೆ ಕೆಂಪು ಬಟ್ಟೆ ಕಟ್ಟುತ್ತಿದ್ದ ಚಾಲಕರು ಸ್ವಲ್ಪ ಹೊತ್ತು ನೋಡಿ, "ಸರ್, ಇದು ನಿಜವಾಗ್ಲೂ ನೀರಾಗೆ ಓಡ್ತೈತಾ, ಇಲ್ಲ ನಾಟಕದ ಕಂಪನಿ ಸಾಮಾನಾ?" ಎಂದು ಕೇಳಿದರು. ನಮ್ಮ ಊರಿನಲ್ಲಿ ಇದು ಅಷ್ಟೇನೂ ವಿಚಿತ್ರವಾದ ಸಂಶಯವಲ್ಲ.

ತಂಡದಲ್ಲಿ ಆರು ಮಂದಿ ವಿದ್ಯಾರ್ಥಿಗಳು, ಜೊತೆಗೆ ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕನಾದ ನಾನು. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಜುಲೈ ಮೊದಲ ವಾರ ನಡೆಯುವ ಸ್ಪರ್ಧೆಗೆ ಹೋಗುವುದು, ಹೋಗುವ ದಾರಿಯಲ್ಲಿ ಹಿರಿಯೂರಿನ ಬಳಿಯ ಮಾರಿಕಣಿವೆ ಜಲಾಶಯದಲ್ಲಿ ಮೂರು ದಿನ ಅಭ್ಯಾಸ ಮಾಡುವುದು ನಮ್ಮ ಯೋಜನೆಯಾಗಿತ್ತು. ವರ್ಷದ ಉಳಿದ ಭಾನುವಾರಗಳನ್ನು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಲ್ಲಿ, ಅಂದರೆ ಶಾಂತಿಸಾಗರದಲ್ಲಿ, ಕಳೆದಿದ್ದೆವು. ಆದರೆ ಬೇಸಿಗೆ ಕಳೆಯುವ ಹೊತ್ತಿಗೆ ಅಲ್ಲಿನ ನೀರು ದಂಡೆಯಿಂದ ದೂರ ಸರಿದು, ದೋಣಿಯನ್ನು ಕೆಸರಿನಲ್ಲಿ ಎಳೆದೊಯ್ಯುವುದರಲ್ಲೇ ಮಕ್ಕಳ ಶಕ್ತಿ ಮುಗಿಯುತ್ತಿತ್ತು.

ಈ ಪ್ರಯಾಣದ ಹಣ ಹೇಗೆ ಕೂಡಿತೆಂಬುದನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ನೀರಿಗಿಳಿದ ದಿನಗಳಿಗಿಂತ ಹೆಚ್ಚು ದಿನಗಳನ್ನು ನಾವು ಅದರಲ್ಲೇ ಕಳೆದೆವು. ಜನವರಿಯಲ್ಲಿ ರಸೀತಿ ಪುಸ್ತಕ ಅಚ್ಚು ಹಾಕಿಸಿ ಚೌಕಿಪೇಟೆ, ಮಂಡಿಪೇಟೆಗಳ ಅಂಗಡಿಗಳನ್ನು ಹತ್ತಿ ಇಳಿದೆವು. ಒಬ್ಬ ಹಿರಿಯ ವರ್ತಕರು ಕನ್ನಡಕ ಮೇಲೇರಿಸಿ, "ಮೇಷ್ಟ್ರೇ, ಗಣಪತಿಗೆ ಕೊಟ್ಟೀನಿ, ದುರ್ಗಮ್ಮನ ಜಾತ್ರೆಗೆ ಕೊಟ್ಟೀನಿ, ದೋಣಿಗೆ ಅಂತ ಯಾರೂ ಕೇಳಿದ್ದಿಲ್ಲ. ದಾವಣಗೆರ್ಯಾಗೆ ನೀರೆಲ್ಲೈತ್ರಿ?" ಎಂದರು. ನಾನು ಉತ್ತರ ಹುಡುಕುವುದರೊಳಗೆ ನಮ್ಮ ಜಗಳೂರಿನ ಹುಡುಗ, "ಊರಿನ ಹೆಸರಿನಾಗೇ ಕೆರೆ ಐತಲ್ರೀ ಅಜ್ಜಾರೆ" ಎಂದುಬಿಟ್ಟ. ಅಜ್ಜ ನಕ್ಕು 2,001 ರೂಪಾಯಿ ಬರೆಸಿದರು. ಬರದ ಸೀಮೆಯ ಆ ಹುಡುಗ ಈಜು ಕಲಿತದ್ದೇ ಕಾಲೇಜಿಗೆ ಸೇರಿದ ಮೇಲೆ.

ಕಾಲೇಜಿನ ಉತ್ಸವದಲ್ಲಿ ಎರಡು ದಿನ ಬೆಣ್ಣೆದೋಸೆಯ ಮಳಿಗೆ ಹಾಕಿದೆವು; ಪಕ್ಕದಲ್ಲೇ ಮಂಡಕ್ಕಿ, ಮಿರ್ಚಿ. ಮೊದಲ ದಿನ ಬೆಣ್ಣೆಯ ಲೆಕ್ಕ ತಪ್ಪಿ ಲಾಭವೆಲ್ಲ ಕಾವಲಿಯ ಮೇಲೆಯೇ ಕರಗಿತು. ಎರಡನೆಯ ದಿನ ಹರಿಹರದ ಹುಡುಗಿಯ ತಾಯಿ ಬಂದು ಕುಳಿತು ಒಂದೊಂದು ದೋಸೆಗೂ ಬೆಣ್ಣೆಯನ್ನು ಅಳೆದು ಹಾಕಿದ್ದರಿಂದ ಖರ್ಚು ಕಳೆದು 38,000 ರೂಪಾಯಿ ಉಳಿಯಿತು. ಎಲ್ಲ ಸೇರಿ 1,46,500 ಆಯಿತು. ಅದರಲ್ಲಿ 58,000 ಲಾರಿಗೇ ಹೋಯಿತು. ದಾನಿಗಳಿಗೆ ಹಾಯಿಯ ಮೇಲೆ, ಅಂಗಿಯ ಮೇಲೆ, ಪದಕದ ಫೋಟೊದಲ್ಲಿ ತಮ್ಮ ಹೆಸರು ಬೇಕು. ಡೀಸೆಲ್ಲಿನ ಮೇಲೆ ಯಾರ ಹೆಸರನ್ನೂ ಬರೆಯಲಾಗುವುದಿಲ್ಲ. ಗಾಳಿಗೆ ಕಾಸು ಕೊಡಬೇಕಾಗಿಲ್ಲದ ಈ ಆಟದಲ್ಲಿ ಒಳನಾಡಿನವರು ಕೊಡುವುದೆಲ್ಲ ರಸ್ತೆಗೇ ಎಂಬುದನ್ನು ಮುಂದಿನ ವರ್ಷದ ಮನವಿಯಲ್ಲಿ ನಾನು ಮೊದಲ ಸಾಲಿನಲ್ಲೇ ಬರೆಯಬೇಕೆಂದಿದ್ದೇನೆ.

ಚಿತ್ರದುರ್ಗ ಸಮೀಪಿಸುತ್ತಿದ್ದಂತೆ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳ ಸಾಲು ಕಾಣಿಸಿತು. ಬೇರೆ ಪ್ರವಾಸಿಗರು ಇಲ್ಲಿ ಕಲ್ಲಿನ ಕೋಟೆಯನ್ನು ಹುಡುಕುತ್ತಾರೆ; ನಮ್ಮ ಮಕ್ಕಳು ರೆಕ್ಕೆಗಳು ಯಾವ ಕಡೆ ಮುಖ ಮಾಡಿವೆಯೆಂದು ನೋಡುತ್ತಿದ್ದರು. ಆ ಯಂತ್ರಗಳು ಗಾಳಿ ಬರುವ ದಿಕ್ಕಿಗೆ ತಾವೇ ತಿರುಗಿಕೊಳ್ಳುವುದರಿಂದ ಊರಗಲದ ದಿಕ್ಸೂಚಿಯಿದ್ದಂತೆ. ಎಲ್ಲವೂ ನೈಋತ್ಯದತ್ತ ನೋಡುತ್ತಿದ್ದವು.

ಹಿರಿಯೂರಿನಿಂದ ಸುಮಾರು 20 ಕಿ.ಮೀ. ದೂರದಲ್ಲಿ, ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ತಡೆದು ನಿಲ್ಲಿಸಿರುವ ವಾಣಿವಿಲಾಸ ಸಾಗರವಿದೆ. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಈ ಅಣೆಕಟ್ಟಿಗೆ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿಟ್ಟಿದ್ದರೂ, ಕಣಿವೆ ಮಾರಮ್ಮನ ನೆರಳಿನಲ್ಲಿ ಬದುಕುವವರಿಗೆ ಅದು ಮಾರಿಕಣಿವೆಯೇ. ಸುಮಾರು 30 ಟಿಎಂಸಿ ಹಿಡಿಯುವ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮುಂಗಾರಿನ ಗಾಳಿ ನೀರಿನ ಮೇಲಿಂದ ಅಣೆಕಟ್ಟಿನ ಕಡೆಗೇ ಬೀಸುವುದರಿಂದ, ಅನುಮತಿ ಪತ್ರದಲ್ಲಿದ್ದಂತೆ ನಾವು ದೂರದ ಹಿನ್ನೀರಿನ ಒಂದು ದಂಡೆಯಲ್ಲಿ ಬಿಡಾರ ಹೂಡಿ, ರಕ್ಷಣೆಗೆಂದು ಒಂದು ಮೋಟಾರು ದೋಣಿಯನ್ನೂ ಗೊತ್ತುಮಾಡಿದ್ದೆವು.

ತೆಪ್ಪದಲ್ಲಿ ಬಲೆ ಬಿಡುವ ಒಬ್ಬರು ಮೊದಲ ದಿನವೇ, "ಮಧ್ಯಾಹ್ನದ ಮ್ಯಾಲೆ ಗುಡ್ಡದ ಸಂದಿಯಿಂದ ಗಾಳಿ ಒಮ್ಮೆಲೇ ಬೀಳ್ತೈತಿ, ಹುಷಾರು" ಎಂದಿದ್ದರು. ಎರಡು ಗಂಟೆಯ ಸುಮಾರಿಗೆ ಅದು ಬಿತ್ತು. ನೀರಿನ ಮೇಲೆ ಕಪ್ಪನೆಯ ಸುಕ್ಕು ಓಡಿ ಬಂದದ್ದನ್ನು ನಾನು ದಂಡೆಯಿಂದ ಕಂಡೆ. ಜಗಳೂರಿನ ಹುಡುಗ ಅದನ್ನು ಗಮನಿಸಲಿಲ್ಲ. ದೋಣಿ ಮಗುಚಿತು. ಅವನು ಡ್ಯಾಗರ್‌ಬೋರ್ಡಿನ, ಅಂದರೆ ದೋಣಿಯ ತಳದಿಂದ ನೀರಿಗೆ ಇಳಿಬಿಟ್ಟ ಹಲಗೆಯ, ಮೇಲೆ ಹತ್ತಿ ನಿಂತು, ಮೈಭಾರ ಹಾಕಿ ಅದನ್ನು ಎತ್ತಿ ನಿಲ್ಲಿಸಿದ. ಅದು ಮತ್ತೆ ಮಗುಚಿತು. ಆ ಮೂರು ದಿನಗಳಲ್ಲಿ ಅವನು ಹನ್ನೊಂದು ಸಲ ನೀರಿಗೆ ಬಿದ್ದನೆಂದು ಗೆಳೆಯರು ದಂಡೆಯ ಕಲ್ಲಿನ ಮೇಲೆ ಗೆರೆ ಎಳೆದು ಲೆಕ್ಕವಿಟ್ಟಿದ್ದರು. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಸಾಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳುತ್ತ ಏರಬೇಕು. ಎತ್ತಿನಗಾಡಿ ಕಡಿದಾದ ದಿಬ್ಬವನ್ನು ಅಡ್ಡಡ್ಡ ಏರುವಂತೆ ಎಂದು ತೆಪ್ಪದವರೇ ಹೋಲಿಸಿದರು. ನನ್ನ ವೆಕ್ಟರ್ ಚಿತ್ರಗಳಿಗಿಂತ ಅದು ಮಕ್ಕಳಿಗೆ ಬೇಗ ಹಿಡಿಸಿತು.

ಅಲ್ಲಿಂದ ಚಳ್ಳಕೆರೆ, ಕಲ್ಯಾಣದುರ್ಗ, ಅನಂತಪುರದ ಮಾರ್ಗವಾಗಿ ಹೊರಟು, ಕರ್ನೂಲು ದಾಟುವಾಗ ಹರಿಹರದ ಹುಡುಗಿ ಸೇತುವೆಯ ಮೇಲೆ ಲಾರಿ ನಿಧಾನಿಸುವಂತೆ ಕೇಳಿಕೊಂಡಳು. ಕೆಳಗೆ ತುಂಗಭದ್ರೆ. ಮನೆಯ ಹಿಂದೆ ಹರಿಯುವ ಹೊಳೆ ಇಷ್ಟು ದೂರ ಬಂದು ತೆಲುಗಿನ ಊರಿನಲ್ಲಿ ಎದುರಾದದ್ದು ಅವಳಿಗೆ ನಂಟರು ಸಿಕ್ಕಷ್ಟು ಸಂತೋಷವನ್ನು ಕೊಟ್ಟಿತು.

ಕುತುಬ್‌ಶಾಹಿಗಳ ಕಾಲದ ಹುಸೇನ್ ಸಾಗರ ಈಗ ನಗರದ ನಡುವೆ, ಎತ್ತರದ ಕಟ್ಟಡಗಳ ಮಧ್ಯೆ ಇದೆ. ಬುದ್ಧನ ಏಕಶಿಲಾ ವಿಗ್ರಹ ನೀರಿನ ನಡುವೆ ನಿಂತಿದೆ. ನೋಟ ಚೆಂದ, ವಾಸನೆ ಅಲ್ಲ. ಕಟ್ಟಡಗಳಿಗೆ ಬಡಿದು ಬರುವ ಗಾಳಿ ನಿಮಿಷ ನಿಮಿಷಕ್ಕೂ ದಿಕ್ಕು ಬದಲಿಸುತ್ತಿತ್ತು. ಮಾರಿಕಣಿವೆಯ ಒರಟು ಗಾಳಿಗೆ ಪಳಗಿದ್ದ ನಮ್ಮವರಿಗೆ ಈ ಮೋಸದ ಗಾಳಿ ಹೊಸದು.

ನಮ್ಮ ವಿಭಾಗದಲ್ಲಿ ಹದಿನಾರು ದೋಣಿಗಳಿದ್ದು, ಎಂಟು ಓಟಗಳು ನಡೆದವು. ಮೊದಲು ಬಂದವರಿಗೆ ಒಂದು ಅಂಕ, ಎರಡನೆಯವರಿಗೆ ಎರಡು. ಕಡಿಮೆ ಅಂಕದವರೇ ಗೆದ್ದವರು. ಓಟಕ್ಕೆ ಐದು ನಿಮಿಷ ಮೊದಲು ಎಚ್ಚರಿಕೆಯ ಬಾವುಟ ಏರುತ್ತದೆ. ಆರಂಭದ ಸಂಕೇತಕ್ಕೆ ಮೊದಲೇ ಗೆರೆ ದಾಟಿದವರು ಹಿಂದಕ್ಕೆ ಬಂದು ಮತ್ತೆ ಹೊರಡಬೇಕು. ಜಗಳೂರಿನ ಹುಡುಗ ಎರಡನೆಯ ಓಟದಲ್ಲಿ ಅರ್ಧ ಮೊಳದಷ್ಟು ಮುಂಚೆ ದಾಟಿದ, ಮರಳಿ ಕರೆಯುವ ಬಾವುಟವನ್ನು ನೋಡದೆ ಎಲ್ಲರಿಗಿಂತ ಮುಂದೆ ಓಡಿದ. ದಂಡೆಯಲ್ಲಿ ನಾವು ಕೂಗಿ ಕುಣಿದೆವು. ಸಂಜೆಯ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ 17 ಅಂಕವಿತ್ತು, ಅಂದರೆ ಹದಿನಾರನೆಯವರಿಗಿಂತಲೂ ಒಂದು ಹೆಚ್ಚು. ಎಂಟರಲ್ಲಿ ಅತಿ ಕೆಟ್ಟ ಒಂದು ಓಟವನ್ನು ಲೆಕ್ಕದಿಂದ ಬಿಡುವ ರಿಯಾಯಿತಿ ಇತ್ತು. ಐದನೆಯ ಓಟದಲ್ಲಿ ಹಾಯಿ ಹರಿದು ಓಟ ಮುಗಿಸಲಾಗದೆ ಇನ್ನೊಂದು 17 ಸೇರಿದ್ದರಿಂದ ಆ ರಿಯಾಯಿತಿಯೂ ಸಾಲದಾಯಿತು. ಅವನು ಹದಿಮೂರನೆಯವನಾದ.

ಹರಿಹರದ ಹುಡುಗಿ ಎಂಟನೆಯವಳಾದಳು. ಆರನೆಯ ಓಟದಲ್ಲಿ, ಬಲಬದಿಯಿಂದ ಗಾಳಿ ಪಡೆದು ಬರುತ್ತಿದ್ದ ದೋಣಿಗೆ ದಾರಿ ಬಿಡದೆ ತಪ್ಪು ಮಾಡಿದಾಗ, ಯಾರೂ ಪ್ರತಿಭಟನೆ ಎತ್ತುವ ಮೊದಲೇ ಎರಡು ಪೂರ್ತಿ ಸುತ್ತು ತಿರುಗಿ ತಾನೇ ದಂಡ ತೆತ್ತಳು. ಅದರಿಂದ ನಾಲ್ಕು ಸ್ಥಾನ ಹೋಯಿತು. ಆ ಇಡೀ ವಾರದಲ್ಲಿ ನಾನು ಕಂಡ ಉತ್ತಮ ದೋಣಿಗಾರಿಕೆ ಅದೇ ಎಂದು ನನ್ನ ಅಭಿಪ್ರಾಯ. ಅವಳು ಮಾತ್ರ ಊಟದವರೆಗೂ ಮುಖ ಊದಿಸಿಕೊಂಡಿದ್ದಳು.

ದಾವಣಗೆರೆಗೆ ಮರಳಿ, ಪಾಚಿ ಹತ್ತಿದ ಹಾಯಿಯನ್ನು ತೊಳೆದು ಹಾಸ್ಟೆಲಿನ ಮಾಳಿಗೆಯಲ್ಲಿ ಒಣಹಾಕಿದೆವು. ಹರಿದದ್ದನ್ನು ಹೊಲಿಸಲು ಚೌಕಿಪೇಟೆಯ ದರ್ಜಿಯ ಬಳಿಗೆ ಒಯ್ದರೆ, ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ, "ಇದು ಹತ್ತಿ ಅಲ್ಲ, ನಮ್ಮ ಸೂಜಿ ಮುರಿತೈತಿ" ಎಂದರು. ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ಊರಿನಲ್ಲಿ ಒಂದು ಹಾಯಿ ಹೊಲಿಯುವವರಿಲ್ಲವೇ ಎಂದುಕೊಂಡು, ಕೊನೆಗೆ ಲಾರಿಗಳ ತಾಡಪತ್ರಿ ಹೊಲಿಯುವ ಅಂಗಡಿಗೆ ಹೋದೆವು. ಅವರು ದಪ್ಪ ನೂಲಿನಲ್ಲಿ ಅಂಕುಡೊಂಕು ಹೊಲಿಗೆ ಹಾಕಿ, ಜಗ್ಗಿ ನೋಡಿ, 350 ರೂಪಾಯಿಯ ಚೀಟಿ ಬರೆದರು. "ಯಾವ ಲಾರಿದು?" ಎಂಬ ಅವರ ಪ್ರಶ್ನೆಗೆ ಜಗಳೂರಿನ ಹುಡುಗ ಉತ್ತರ ಹೇಳಲು ಕುಳಿತ, ನಾನು ಚೀಟಿಯನ್ನು ಲೆಕ್ಕದ ಪುಸ್ತಕಕ್ಕೆ ಅಂಟಿಸಿದೆ.