ಕಾರಿಗೆ ಮೊದಲ ಜಿಪಿಎಸ್: ಆಯ್ಕೆ ಎಲ್ಲಿಗೆ ಬಂತು

ಕಾರಿಗೊಂದು ಪ್ರತ್ಯೇಕ ಜಿಪಿಎಸ್ ಸಾಧನ ಕೊಳ್ಳುವ ಕೆಲಸ ಕೊನೆಗೂ ಒಂದು ಹಂತಕ್ಕೆ ಬಂದಿದೆ. ಮೊಬೈಲ್ ಇರುವಾಗ ಇದೇಕೆ ಎಂದು ಹಲವರು ಕೇಳಿದರು. ತಿರುವು ಹತ್ತಿರವಾದಾಗ ಕರೆ ಬಂದು ನಕ್ಷೆ ಮರೆಯಾಗಬಾರದು, ನೆಟ್‌ವರ್ಕ್ ಇಲ್ಲದ ಕಡೆಯಲ್ಲೂ ಹೊಸ ದಾರಿ ಹುಡುಕಬೇಕು, ಬಿಸಿಲಿಗೆ ಕಾದ ಫೋನಿನ ಪರದೆ ಮಂಕಾಗುವ ತಾಪತ್ರಯ ಬೇಡ. ಮೊಬೈಲಿನಲ್ಲೂ ನಕ್ಷೆ ಇಳಿಸಿಕೊಳ್ಳಬಹುದು, ನಿಜ. ಆದರೂ ದಾರಿ ತೋರಿಸುವುದಷ್ಟೇ ಕೆಲಸವಾಗಿ, ಸದಾ ಕಾರಿನಲ್ಲೇ ಇರುವ ವಸ್ತು ನನಗೆ ಬೇಕು.

ಮೊದಲು ಗಾತ್ರ. 5 ಇಂಚೋ 7 ಇಂಚೋ ಎಂಬುದು ಅಂಗಡಿಯಲ್ಲಿ ನಿಂತು ತೀರ್ಮಾನಿಸುವ ವಿಷಯವಲ್ಲ. ಇಂಚಿನ ಲೆಕ್ಕ ಮೂಲೆಯಿಂದ ಮೂಲೆಗೆ. ಅಗಲ-ಎತ್ತರದ ಅನುಪಾತ 16:9 ಇರುವ ಪರದೆಯಾದರೆ 5 ಇಂಚಿನದು ಸುಮಾರು 11 ಸೆಂ.ಮೀ. ಅಗಲ, 6 ಸೆಂ.ಮೀ. ಎತ್ತರ, 7 ಇಂಚಿನದು ಹದಿನೈದೂವರೆ ಅಗಲ, ಒಂಬತ್ತರ ಹತ್ತಿರ ಎತ್ತರ. ಸುತ್ತಲಿನ ಚೌಕಟ್ಟು ಬೇರೆ. ರಟ್ಟಿನಲ್ಲಿ ಎರಡೂ ಅಳತೆಯ ತುಂಡು ಕತ್ತರಿಸಿ ಮುಂದಿನ ಗಾಜಿಗೆ ಅಂಟಿಸಿ, ಕಾರು ನಿಲ್ಲಿಸಿಕೊಂಡೇ ಚಾಲಕನ ಸೀಟಿನಲ್ಲಿ ಕುಳಿತು ನೋಡಿದೆ. ದೊಡ್ಡ ತುಂಡು ರಸ್ತೆಯ ಅಂಚನ್ನೇ ನುಂಗಿತು. ಮಗುವೊಂದು ಅಲ್ಲಿ ನಿಂತಿದ್ದರೆ ಕಾಣುತ್ತಿರಲಿಲ್ಲ. ಚಿಕ್ಕದನ್ನು ಡ್ಯಾಶ್‌ಬೋರ್ಡ್‌ಗೆ ತಾಗುವಂತೆ ಕೆಳಗಿಳಿಸಿದರೆ ಬಾನೆಟ್ಟಿನ ಭಾಗ ಮಾತ್ರ ಮರೆಯಾಯಿತು. 7 ಇಂಚು ಪಟ್ಟಿಯಿಂದ ಹೊರಬಿತ್ತು.

ಸ್ನೇಹಿತರೊಬ್ಬರ ಹಳೆಯ ಸಾಧನವನ್ನು ಎರವಲು ತಂದಿದ್ದೂ ಬಹಳ ಉಪಯೋಗವಾಯಿತು. ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದ ಅದು ಸ್ಥಳ ಹಿಡಿಯಲು ತುಂಬಾ ಹೊತ್ತು ತೆಗೆದುಕೊಂಡಿತು. ಕಾರಣವಿದೆ. ಜಿಪಿಎಸ್ ಉಪಗ್ರಹ ಸುಮಾರು 20,200 ಕಿ.ಮೀ. ಎತ್ತರದಿಂದ ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ ತನ್ನ ಮಾಹಿತಿ ಕಳುಹಿಸುತ್ತದೆ. ತನ್ನ ಕಕ್ಷೆಯ ವಿವರವನ್ನು ಅದು 30 ಸೆಕೆಂಡಿಗೊಮ್ಮೆ ಹೇಳುತ್ತದೆ. ಎಲ್ಲ ಉಪಗ್ರಹಗಳ ಪಟ್ಟಿ ಪೂರ್ತಿ ಬರಲು ಹನ್ನೆರಡೂವರೆ ನಿಮಿಷ ಬೇಕು. ಸ್ಥಳ ತಿಳಿಯಲು ಕನಿಷ್ಠ ನಾಲ್ಕು ಉಪಗ್ರಹಗಳು ಕಾಣಬೇಕು. ಮಧ್ಯೆ ಮರ, ಕಟ್ಟಡ ಅಡ್ಡ ಬಂದರೆ ಮತ್ತೆ ಕಾಯಬೇಕು.

ಅದೇ ಸಾಧನದಲ್ಲಿ ಇನ್ನೊಂದನ್ನು ಗಮನಿಸಿದೆ. ಸ್ಥಳ ಸರಿಯಾಗಿತ್ತು, ತಾರೀಖು ಮಾತ್ರ 19 ವರ್ಷಕ್ಕೂ ಹಿಂದಿನದು! ಜಿಪಿಎಸ್ ಸಂಕೇತದಲ್ಲಿ ವಾರದ ಎಣಿಕೆ 1,024 ಮುಟ್ಟಿದೊಡನೆ, ಅಂದರೆ ಸುಮಾರು ಹತ್ತೊಂಬತ್ತೂವರೆ ವರ್ಷಕ್ಕೊಮ್ಮೆ, ಸೊನ್ನೆಗೆ ಮರಳುತ್ತದೆ. 2019ರ ಏಪ್ರಿಲ್ 6ರ ರಾತ್ರಿ ಹಾಗಾಯಿತು. ತಯಾರಕರು ಸಾಫ್ಟ್‌ವೇರ್ ಸರಿಪಡಿಸಿ ಕೊಟ್ಟ ಸಾಧನಗಳು ಪಾರಾದವು, ಉಳಿದ ಕೆಲವು ಹೀಗಾದವು. ಆದ್ದರಿಂದ ಬಳಸಿದ ಸಾಧನವನ್ನು ಅಗ್ಗಕ್ಕೆ ಕೊಳ್ಳುವ ಯೋಚನೆ ಬಿಟ್ಟೆ. ಹೊಸದರಲ್ಲೂ ‘ಜೀವಮಾನದ ನಕ್ಷೆ’ ಎಂಬ ಭರವಸೆಯ ಷರತ್ತು ಓದಲೇಬೇಕು. ತಯಾರಕರು ಆ ಮಾದರಿಗೆ ನಕ್ಷೆ ಹೊರತರುವವರೆಗೆ ಮಾತ್ರ ಅದು ನಡೆಯುತ್ತದೆ. ನಕ್ಷೆಗಳು ವರ್ಷದಿಂದ ವರ್ಷಕ್ಕೆ ಹಿಗ್ಗುವುದರಿಂದ ಮೆಮೊರಿ ಕಾರ್ಡ್ ಹಾಕುವ ಜಾಗವೂ ಬೇಕು.

ನಿಖರತೆಯ ಬಗ್ಗೆ ನಾನು ಹೆಚ್ಚು ತಲೆ ಕೆಡಿಸಿಕೊಂಡಿಲ್ಲ. ಅಮೆರಿಕ ಬೇಕೆಂದೇ ಸಂಕೇತದಲ್ಲಿ ಸೇರಿಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ಮೇಲೆ, ಬಯಲಿನಲ್ಲಿ ಸಾಮಾನ್ಯ ಸಾಧನವೂ ಕೆಲವೇ ಮೀಟರಿನ ಒಳಗೆ ಸ್ಥಳ ಹೇಳುತ್ತದೆ. ಎತ್ತರದ ಕಟ್ಟಡಗಳ ನಡುವೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ ಉಪಗ್ರಹಗಳನ್ನೂ ಬಳಸುವ ಸಾಧನ ಮೇಲು. ಮೇಲ್ಸೇತುವೆಯ ಮೇಲಿದ್ದೇವೋ ಕೆಳಗಿದ್ದೇವೋ ಎಂಬುದನ್ನು ಹೇಳುವುದು ಎಲ್ಲಕ್ಕೂ ಕಷ್ಟ, ಏಕೆಂದರೆ ಎತ್ತರದ ಅಂದಾಜಿನಲ್ಲಿ ದೋಷ ಹೆಚ್ಚು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ದನಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡು ಪರದೆ ನೋಡಿದರೆ ಕಾರು 33 ಮೀಟರ್ ದೂರವನ್ನು ನಮ್ಮ ಕಣ್ಣಿಲ್ಲದೆ ದಾಟಿರುತ್ತದೆ. ಅಷ್ಟು ಅಪಾಯ ಯಾವ ನಕ್ಷೆಗೂ ಬೇಡ. ಮೊದಲೇ ಧ್ವನಿಮುದ್ರಿಸಿದ ಮಾತುಗಳಷ್ಟೇ ಇರುವ ಸಾಧನ ‘ಎಡಕ್ಕೆ ತಿರುಗಿ’ ಎಂದು ನಿಲ್ಲಿಸುತ್ತದೆ. ಅಕ್ಷರ ಓದಿ ಹೇಳಬಲ್ಲದ್ದು ರಸ್ತೆಯ ಹೆಸರನ್ನೂ ಹೇಳುತ್ತದೆ. ಒಂದರ ಪಕ್ಕ ಒಂದು ಎರಡು ಎಡ ತಿರುವುಗಳಿದ್ದಾಗ ಆ ಹೆಸರೇ ಆಧಾರ. ಅಂಗಡಿಯಲ್ಲಿ ಧ್ವನಿಯನ್ನು ಪೂರ್ತಿ ಏರಿಸಿ ಕೇಳಿದೆ. ಒಂದು ಮಾದರಿಯ ಸ್ಪೀಕರ್ ಅಲ್ಲೇ ಗೊರಗೊರ ಎಂದಿತು. ಕಿಟಕಿ ತೆರೆದ ಕಾರಿನಲ್ಲಿ ಅದರ ಮಾತು ಅರ್ಥವಾಗುವುದು ಸಾಧ್ಯವೇ ಇಲ್ಲ, ಅದನ್ನೂ ಕೈಬಿಟ್ಟೆ.

ಹಾಗಾಗಿ ಈಗ ಉಳಿದಿರುವುದು 5 ಇಂಚಿನ ಎರಡು ಮಾದರಿಗಳು, ಗಾರ್ಮಿನ್‌ನದೊಂದು, ಟಾಮ್‌ಟಾಮ್‌ನದೊಂದು. ಲೋಹದ ಲೇಪವಿರುವ ಮುಂಗಾಜು ಉಪಗ್ರಹದ ಸಂಕೇತವನ್ನು ತಡೆಯುತ್ತದೆ ಎಂದು ಓದಿ ನನ್ನ ಕಾರಿನ ಕೈಪಿಡಿ ತೆಗೆದು ನೋಡಿದೆ. ಇದರ ಗಾಜಿಗೆ ಅಂಥ ಲೇಪವಿಲ್ಲ. ಇನ್ನು ಎರಡರಲ್ಲೂ ನನ್ನ ಮನೆಯ ವಿಳಾಸವನ್ನು ನಾನೇ ಟೈಪ್ ಮಾಡಿ, ಎಷ್ಟು ಒತ್ತುಗಳಲ್ಲಿ ಸಿಗುತ್ತದೆ ನೋಡಬೇಕು. ಚಾರ್ಜರಿನ ತಂತಿ ಗೇರಿಗೆ ಅಡ್ಡ ಬಾರದಂತೆ ಡ್ಯಾಶ್‌ಬೋರ್ಡಿನ ಅಂಚಿನಲ್ಲಿ ಸುತ್ತಿ ತರಲು ಎಷ್ಟು ಉದ್ದ ಬೇಕೆಂದು ದಾರ ಹಿಡಿದು ಅಳೆಯುವುದೂ ಬಾಕಿ ಇದೆ.