ಗೊತ್ತಿಲ್ಲದ ಹಾಗೆ ಮುಖ ಮಾಡಿ

ಹೋದ ಬುಧವಾರ ರಾತ್ರಿ ನನ್ನ ತಂಗಿಯ ಮಗಳು ಎರಡು ಸಲ ಹುಟ್ಟಿದಳು. ಮೊದಲನೇ ಸಲ ಒಂಬತ್ತು ಹತ್ತಕ್ಕೆ, ಎರಡನೇ ಸಲ ಅದಾಗಿ ನಾಲ್ಕು ನಿಮಿಷಕ್ಕೆ. ಆಲ್ಬಮ್ಮಿಗೆ ಹೋಗೋದು ಎರಡನೇದು.

ಇದಕ್ಕೆಲ್ಲ ಕಾರಣ ತಂಗಿಯ ಗಂಡ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಒಳ್ಳೆ ಹುಡುಗ, ಕೆಟ್ಟದ್ದು ಹೇಳಬಾರದು, ಆದರೆ ಅವನಿಗೆ ಎಲ್ಲದಕ್ಕೂ ಒಂದು ಪಟ್ಟಿ ಬೇಕು. ಆಸ್ಪತ್ರೆ ಬ್ಯಾಗಿಗೊಂದು ಪಟ್ಟಿ, ಯಾರಿಗೆ ಮೊದಲು ಫೋನ್ ಮಾಡಬೇಕು ಅನ್ನೋದಕ್ಕೊಂದು ಪಟ್ಟಿ. ಆ ಪಟ್ಟಿಯಲ್ಲಿ ಒಂದು ಸಾಲು, ಫೋಟೋಗ್ರಾಫರ್. ಹೆರಿಗೆ ಫೋಟೋ ತೆಗೆಯೋದೇ ಒಂದು ಕಸುಬು ಅಂತ ನನಗೆ ಗೊತ್ತಾಗಿದ್ದು ಆಗ. ಹೊರದೇಶದಲ್ಲಿ ಇದನ್ನೇ ಮಾಡಿಕೊಂಡಿರೋರು ಬಸುರಿಗೆ ಮೂವತ್ತೆಂಟು ವಾರ ತುಂಬಿದ ಮೇಲೆ ಹಗಲು ರಾತ್ರಿ ಫೋನ್ ತಲೆದೆಸೆಯಲ್ಲಿ ಇಟ್ಟುಕೊಂಡೇ ಮಲಗುತ್ತಾರಂತೆ. ಕರೆದ ಕೂಡಲೇ ಓಡಿ ಬರಬೇಕು, ಫ್ಲಾಶ್ ಹಾಕಬಾರದು, ಮೂಲೆಯಲ್ಲಿ ಇದ್ದೂ ಇಲ್ಲದ ಹಾಗೆ ನಿಂತಿರಬೇಕು. ಬೆಂಗಳೂರಲ್ಲೂ ಅಂಥವರು ಸಿಗುತ್ತಾರೆ. ಆದರೆ ಬಾಣಂತನ ತವರಲ್ಲಿ ಅಲ್ವಾ, ಹೆರಿಗೆಗೆ ತಂಗಿ ಬಂದಿದ್ದು ಶಿವಮೊಗ್ಗಕ್ಕೆ. ಯಾವತ್ತು ಅಂತ ಗೊತ್ತಿಲ್ಲದ ಕೆಲಸಕ್ಕೆ ಅಲ್ಲಿಂದ ಇಲ್ಲಿಗೆ ಯಾರು ಬರುತ್ತಾರೆ.

ಕೊನೆಗೆ ಸಿಕ್ಕಿದ್ದು ಇವರ ಮದುವೆಗೆ ಫೋಟೋ ತೆಗೆದಿದ್ದ ಆಗುಂಬೆ ಕಡೆಯ ಹುಡುಗ. ಆಷಾಢ, ಮದುವೆ ಇಲ್ಲ, ಮುಂಜಿ ಇಲ್ಲ, ಸುಮ್ನೆ ಕೂತಿದ್ದ. 'ಹೆರಿಗೆ ಯಾವತ್ತೂ ತೆಗ್ದಿಲ್ಲ ಸಾರ್, ಆದ್ರೆ ತೆಗೀಬಹುದು' ಅಂದ. ಪಾಪದವನು. ಸೋಮವಾರವೇ ಬಂದು ಶಿವಮೊಗ್ಗದಲ್ಲಿ ಸ್ನೇಹಿತನ ರೂಮಲ್ಲಿ ಉಳಿದುಕೊಂಡಿದ್ದ.

ಅಮ್ಮನಿಗೆ ಇದು ಸುತರಾಂ ಇಷ್ಟ ಇರಲಿಲ್ಲ. 'ಹಸುಗೂಸಿನ ಫೋಟೋ ಎಂತಕ್ಕೆ ಮಾರಾಯ್ತಿ, ದೃಷ್ಟಿ ಆಗ್ತದೆ.' ನಮ್ಮಲ್ಲಿ ಮಗು ಮೊದಲು ಫೋಟೋ ಕಾಣೋದು ಬೋರಲು ಬಿದ್ದ ಮೇಲೆ. ತೀರ್ಥಹಳ್ಳಿಯ ಸ್ಟುಡಿಯೋಗೆ ಕರೆದುಕೊಂಡು ಹೋಗಿ, ಟೇಬಲ್ ಮೇಲೆ ಬೋರಲು ಹಾಕಿ, ಕೆನ್ನೆಗೊಂದು ಕಪ್ಪು ಬೊಟ್ಟು. ನನ್ನದೂ ಅದೇ ಫೋಟೋ, ತಂಗಿಯದೂ ಅದೇ, ಹೆಸರು ಬರೆಯದಿದ್ದರೆ ಯಾರು ಯಾರು ಅಂತ ಅಮ್ಮನಿಗೂ ಗೊತ್ತಾಗೋದಿಲ್ಲ. ಹುಟ್ಟಿದ ಕ್ಷಣಕ್ಕೆ ಬೇಕಾಗಿದ್ದು ಫೋಟೋ ಅಲ್ಲ, ಟೈಮು. ನಮ್ಮ ಅಜ್ಜ ಬಾಗಿಲ ಹೊರಗೆ ಗಡಿಯಾರ ಹಿಡಿದು ನಿಂತಿರುತ್ತಿದ್ದರಂತೆ. ಆಮೇಲೆ ಜಾತಕದಲ್ಲಿ ಇಷ್ಟು ಗಳಿಗೆ, ಇಷ್ಟು ವಿಘಳಿಗೆ ಅಂತ ಬರೆಯೋದು. ಒಂದು ಗಳಿಗೆ ಅಂದರೆ 24 ನಿಮಿಷ, ಒಂದು ವಿಘಳಿಗೆ ಅಂದರೆ 24 ಸೆಕೆಂಡ್. ಅಷ್ಟು ಚೊಕ್ಕವಾಗಿ ಬರೆದಿಟ್ಟವರಿಗೆ ಮಗು ಅತ್ತಿದ್ದು ಹೇಗೆ, ಹೊರಗೆ ಯಾರು ಯಾರು ಇದ್ದರು ಅಂತ ಬರೆಯಬೇಕು ಅನ್ನಿಸಲೇ ಇಲ್ಲ.

ಬುಧವಾರ ಬೆಳಗ್ಗೆ ನೋವು ಶುರುವಾಯಿತು. ಸಂಜೆಯಾದರೂ ಆಗಲಿಲ್ಲ. ಮಗುವಿನ ಎದೆಬಡಿತ ಇಳೀತಾ ಇದೆ, ಸಿಸೇರಿಯನ್ ಮಾಡೋಣ ಅಂದರು ಡಾಕ್ಟರ್. ಸಹಿ, ರಕ್ತದ ವ್ಯವಸ್ಥೆ, ಓಡಾಟ. ಹೊರಗೆ ಜಡಿ ಮಳೆ. ಥಿಯೇಟರ್ ಬಾಗಿಲ ಮುಂದೆ ನಾನು, ಅಮ್ಮ, ತಂಗಿಯ ಗಂಡ, ತಂಗಿಯ ಅತ್ತೆ, ಈ ಫೋಟೋ ಹುಡುಗ. ಒಳಗೆ ಕ್ಯಾಮೆರಾ ಬಿಡೋದಿಲ್ಲ ಅಂತ ಮೊದಲೇ ಹೇಳಿದ್ದರು. ಅವನೂ ಕೇಳಲಿಲ್ಲ. ಅಮ್ಮನ ಕೈಯಲ್ಲಿ ಹಳೇ ವಾಯಿಲ್ ಸೀರೆಯ ತುಂಡಿತ್ತು, ಮಗುವಿಗೆ ಹೊಸ ಬಟ್ಟೆ ಸುತ್ತಬಾರದು ಅಂತ. ಸಿಸ್ಟರ್ ಒಬ್ಬರು ಬಂದು ಅದನ್ನ ಇಸಿದುಕೊಂಡು ಹೋದರು.

ಒಂಬತ್ತು ಹತ್ತು, ಹನ್ನೊಂದಿರಬಹುದು. ಒಳಗೆ ಅಳು ಕೇಳಿಸಿತು. ಸ್ವಲ್ಪ ಹೊತ್ತಿಗೆ ಬಾಗಿಲು ತೆಗೆಯಿತು. ಸಿಸ್ಟರ್ ಮಗುವನ್ನು ಎತ್ತಿ ಹಿಡಿದು 'ಹೆಣ್ಣು ಮಗು' ಅಂದರು. ಅಮ್ಮ ಎದ್ದು ಕ್ಯಾಮೆರಾಗೆ ಅಡ್ಡ ಹೋದಳು. ಅಷ್ಟೇ, ಮುಗಿಯಿತು.

ಆ ಒಂದು ಕ್ಷಣದಲ್ಲಿ ನಾನು ಮಗುವನ್ನು ನೋಡಲಿಲ್ಲ. ನೋಡಬೇಕಿತ್ತು. ನಾನು ನೋಡಿದ್ದು ತಂಗಿಯ ಅತ್ತೆಯ ಮುಖ. ಅದು ಇಳಿಯಿತು. ಜಾಸ್ತಿ ಅಲ್ಲ, ಬುಟ್ಟಿಯಲ್ಲಿ ಮಲ್ಲಿಗೆ ಹೂವು ಇದೆ ಅಂದುಕೊಂಡು ಕೈ ಹಾಕಿದವರಿಗೆ ಬರೀ ದಾರ ಸಿಕ್ಕಿದರೆ ಹೇಗೋ ಹಾಗೆ. ಆಮೇಲೆ 'ಹೂಂ, ಇರ್ಲಿ. ಲಕ್ಷ್ಮಿ ಬಂದಳು' ಅಂದರು. 'ಇರ್ಲಿ' ಅಂದರೆ ಎಂತ? (ಅವರು ಫೋನಲ್ಲಿ ಭಜನೆ ಬಿಟ್ಟು ಬೇರೆ ಏನೂ ನೋಡೋದಿಲ್ಲ, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.)

ಅಷ್ಟರಲ್ಲಿ ಹುಡುಗ ಕ್ಯಾಮೆರಾದ ಹಿಂದಿನ ಪರದೆ ನೋಡಿ ಬಿಳಿಚಿಕೊಂಡ. 'ಸಿಸ್ಟರ್, ಇನ್ನೊಂದ್ಸಲ ಒಳಗಿಂದ ಬರ್ತೀರಾ? ಫೋಕಸ್ ಹೋಯ್ತು.'

ಸಿಸ್ಟರ್ ಮಗುವನ್ನು ನೋಡಿದರು, ಅವನನ್ನು ನೋಡಿದರು. 'ಮಗೂನ ಕರ್ಕೊಂಡಾ?'

'ಹೂಂ ಸಿಸ್ಟರ್, ಒಂದೇ ಸಲ.'

ಅವರು ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ನಕ್ಕು ಒಳಗೆ ಹೋದರು. ಇವನು ಥೇಟ್ ಮದುವೆ ಮಂಟಪದಲ್ಲಿ ತಾಳಿ ಇನ್ನೊಂದ್ಸಲ ಹಿಡ್ಕೊಳ್ಳಿ ಸಾರ್ ಅನ್ನೋ ದನಿಯಲ್ಲೇ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ. 'ಅಮ್ಮಾ, ನೀವು ಎಡಕ್ಕೆ. ಅಕ್ಕಾ, ನೀವು ಹಿಂದೆ. ಎಲ್ಲಾ ಬಾಗಿಲು ನೋಡಿ. ಗೊತ್ತಿಲ್ಲದ ಹಾಗೆ ಮುಖ ಮಾಡಿ.'

ಗೊತ್ತಿಲ್ಲದ ಹಾಗೆ ಮುಖ ಮಾಡಿ! ಬೇರೆ ದೇಶದಲ್ಲಿ ಹೊಟ್ಟೆಯಲ್ಲಿರೋದು ಗಂಡೋ ಹೆಣ್ಣೋ ಅಂತ ಮೊದಲೇ ತಿಳಿದುಕೊಂಡು, ಬಲೂನು ಒಡೆದು, ನೀಲಿ ಪುಡಿಯೋ ಗುಲಾಬಿ ಪುಡಿಯೋ ಹಾರಿಸಿ ಸಂಭ್ರಮ ಮಾಡುತ್ತಾರೆ. ನಮ್ಮಲ್ಲಿ ಹಾಗೆ ನೋಡಿಸೋದೇ ಅಪರಾಧ. ಸ್ಕ್ಯಾನಿಂಗ್ ರೂಮಿನ ಗೋಡೆ ಮೇಲೆ ಆ ಬೋರ್ಡು ಎಲ್ಲರೂ ಓದಿರುತ್ತೀರಿ. ಆ ಕಾಯ್ದೆಗೂ ನನ್ನ ತಂಗಿಗೂ ಒಂದೇ ವಯಸ್ಸು, 1994. ಹಾಗಾಗಿ ನಮ್ಮಲ್ಲಿ ಇನ್ನೂ ಆ ಬಾಗಿಲು ತೆಗೆಯೋವರೆಗೆ ಯಾರಿಗೂ ನಿಜವಾಗಿ ಗೊತ್ತಿರೋದಿಲ್ಲ. ನಮ್ಮ ಮನೆಗೆ ಆ ಬಾಗಿಲು ತೆಗೆದು ಆಗಿತ್ತು.

ಬಾಗಿಲು ಮತ್ತೆ ತೆಗೆಯಿತು. ಸಿಸ್ಟರ್ ಮತ್ತೆ 'ಹೆಣ್ಣು ಮಗು' ಅಂದರು, ಈ ಸಲ ಇನ್ನೂ ಚೆನ್ನಾಗಿ, ರೇಡಿಯೋದಲ್ಲಿ ಹೇಳಿದ ಹಾಗೆ. ಅಮ್ಮನಿಗೆ ನಿಜವಾಗಿಯೂ ಮತ್ತೆ ಕಣ್ಣೀರು ಬಂತು. ಮೊದಲನೇ ಸಲ ಗೋಡೆ ಹಿಡಿದು ನಿಂತಿದ್ದ ತಂಗಿ ಗಂಡ ಈ ಸಲ ಎರಡು ಕೈ ಚಾಚಿದ. ಅವನ ಅಮ್ಮ ನಕ್ಕರು ನೋಡಿ, ಬಾಯಿ ತುಂಬ, ಕಣ್ಣು ತುಂಬ. ಆ ಫೋಟೋ ಮಾರನೇ ದಿನವೇ ಬಂತು. ತುಂಬ ಚೆನ್ನಾಗಿದೆ. ನೆಂಟರೆಲ್ಲ ಅಜ್ಜಿಯ ಮುಖ ನೋಡಿ, ಎಷ್ಟು ಖುಷಿ ನೋಡಿ ಅಂತ ಕಳಿಸಿದ್ದೇ ಕಳಿಸಿದ್ದು.

ನನಗೆ ಉರಿಯಿತು. ಇನ್ನೂ ಉರಿಯುತ್ತಿದೆ. ಯಾಕೆ ಅಂತ ಕೇಳಿಕೊಂಡರೆ ಅತ್ತೆಯ ಮೇಲೆ ಅಲ್ಲವೇನೋ. ತಂಗಿ ಹುಟ್ಟಿದಾಗ ನನಗೆ ಎಂಟು ವರ್ಷ. ಆಸ್ಪತ್ರೆ ಜಗಲಿಯಲ್ಲಿ ನನ್ನ ಅಜ್ಜಿ, ಅಪ್ಪನ ಅಮ್ಮ, 'ಮತ್ತೆ ಹೆಣ್ಣಾ' ಅಂದಿದ್ದರು. ಎರಡೇ ಶಬ್ದ. ನಾನು ಅವರ ಸೆರಗು ಹಿಡಿದುಕೊಂಡೇ ನಿಂತಿದ್ದೆ. ಅದೇ ಅಜ್ಜಿ ಆಮೇಲೆ ತಂಗಿಯನ್ನು ಸೊಂಟದಿಂದ ಕೆಳಗಿಳಿಸಲಿಲ್ಲ, ಕಡುಬು ಮಾಡಿದರೆ ಮೊದಲನೇದು ಅವಳಿಗೇ. ಆದರೂ ಆ ಎರಡು ಶಬ್ದ ನನ್ನ ಹತ್ತಿರ ಉಳಿದುಬಿಟ್ಟಿದೆ. ಹಾಗಾದರೆ ಬುಧವಾರ ನಾನು ನೋಡಿದ್ದು ಇವರ ಮುಖವನ್ನೋ, ಅಜ್ಜಿಯ ಮುಖವನ್ನೋ? ಹದಿಮೂರು ಗಂಟೆ ಕಾದು, ಹೊಟ್ಟೆಗೆ ಒಂದು ಲೋಟ ಕಾಫಿ ಬಿಟ್ಟರೆ ಏನೂ ಇಲ್ಲದ, ಮಂಡಿ ನೋವಿನ ಹೆಂಗಸಿನ ಮುಖ ಸುಮ್ನೆ ಸುಸ್ತಾಗಿಯೂ ಇಳಿದಿರಬಹುದಲ್ಲ.

ಶುಕ್ರವಾರ ತಂಗಿಗೆ ಈ ಕಥೆ ಹೇಳಿದೆ, ಮುಖದ ವಿಷಯ ಬಿಟ್ಟು. ಹೊಲಿಗೆ ಎಳೆಯುತ್ತದೆ ನಗಿಸಬೇಡ ಅಂತ ಹೊಟ್ಟೆ ಹಿಡಿದುಕೊಂಡಳು. ಆಮೇಲೆ, 'ಅದಕ್ಕಾ ಅಕ್ಕಾ ಮತ್ತೆ ತಂದಿದ್ದು?' ಅಂದಳು.

'ಎಂತ ಮತ್ತೆ?'

ಮೊದಲನೇ ಸಲ ಮಗುವನ್ನು ಪರದೆಯ ಮೇಲಿಂದ ಎತ್ತಿ ತೋರಿಸಿದ್ದರಂತೆ. ಕಾಲು ಕಂಡಿತು, ಮುಖ ಸರಿಯಾಗಿ ಕಾಣಲಿಲ್ಲ. ತೆಗೆದುಕೊಂಡು ಹೋದರು, ಇವಳಿಗೆ ನಡುಕ ಶುರುವಾಗಿತ್ತು, ಇನ್ನು ವಾರ್ಡಿಗೆ ಹೋದ ಮೇಲೇ ಅಂದುಕೊಂಡಿದ್ದಾಳೆ. ಅಷ್ಟರಲ್ಲಿ ಸಿಸ್ಟರ್ ವಾಪಸ್ ಬಂದರು. ಹೊರಗೆ ಅವನು ನಮ್ಮನ್ನು ನಿಲ್ಲಿಸೋವರೆಗೆ ಸಮಯ ಇತ್ತಲ್ಲ, ಮಗುವನ್ನು ತಂದು ಇವಳ ಕೆನ್ನೆಗೆ ತಾಗಿಸಿ ಹಿಡಿದುಕೊಂಡು ನಿಂತರಂತೆ. 'ಬಿಸಿ ಇತ್ತು ಅಕ್ಕಾ. ಅಮ್ಮನ ಸೀರೆ ವಾಸನೆ ಬರ್ತಿತ್ತು.'

ನಾನು ಆ ಹುಡುಗನಿಗೆ ಮನಸ್ಸಲ್ಲೇ ಬೈದಿದ್ದು ಒಂದಾ ಎರಡಾ.

ಸೋಮವಾರ ಮನೆಗೆ ಬಂದೆವು. ಮಂಡಗದ್ದೆ ದಾಟೋವರೆಗೂ ಮಳೆ ಬಿಡಲಿಲ್ಲ, ಮಗು ಎಚ್ಚರಾಗಲಿಲ್ಲ. ಈಗ ಬಾಣಂತಿ ಕೋಣೆ ಮುಂದೆ ಇನ್ನೊಂದು ಜಗಳ. ಜಾತಕಕ್ಕೆ ಯಾವ ಟೈಮು ಕೊಡೋದು? ಆಸ್ಪತ್ರೆ ಚೀಟಿಯಲ್ಲಿ ಒಂಬತ್ತು ಹತ್ತು. ತಂಗಿ ಗಂಡ ಫೋಟೋ ಒತ್ತಿ ನೋಡಿ, 'ಒಂಬತ್ತು ಹದಿನಾಲ್ಕು ಅಂತಿದೆ ಅತ್ತೆ, ಕ್ಯಾಮೆರಾ ಸುಳ್ಳು ಹೇಳಲ್ಲ' ಅಂದ. ಅಮ್ಮ ಅವನನ್ನು ನೋಡಿದ ನೋಟಕ್ಕೆ ಒಂದು ಫೋಟೋ ಬೇಕಿತ್ತು. ಹತ್ತು ವಿಘಳಿಗೆ ವ್ಯತ್ಯಾಸ. ತಂಗಿಯ ಅತ್ತೆ ಬೆಳಗ್ಗೆಯಿಂದ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದಾರೆ, ನಮಗ್ಯಾರಿಗೂ ಕೊಡುತ್ತಿಲ್ಲ.

ನಿನ್ನೆ ಸಂಜೆ ಹುಡುಗನಿಗೆ ಫೋನ್ ಮಾಡಿದೆ. ಮೊದಲನೇ ಫೋಟೋ ಅಳಿಸಿದ್ಯಾ ಅಂತ ಕೇಳಿದೆ. ಇಲ್ಲ, ಕಂಪ್ಯೂಟರಿಗೆ ಹಾಕಿಟ್ಟಿದ್ದಾನಂತೆ. 'ಅದು ಎಂತಕ್ಕೆ ಅಕ್ಕಾ? ಬೆಳಕು ಕಮ್ಮಿ ಇತ್ತು, ಲೆನ್ಸಿನ ಕಿಂಡಿ ಪೂರ್ತಿ ಅಗಲ ಮಾಡಿದ್ದೆ. ಆಗ ಒಂದು ಗೇಣು ಆಚೀಚೆ ಆದ್ರೂ ಮಸುಕಾಗ್ತದೆ. ಫೋಕಸ್ ನಿಮ್ಮ ಅಮ್ಮನ ತುರುಬಿಗೆ ಕೂತಿದೆ, ಹೇರ್‌ಪಿನ್ ಸಹಿತ ಲೆಕ್ಕ ಮಾಡ್ಬಹುದು. ಹಿಂದಿನವರ ಮುಖ ಎಂತದೂ ಕಾಣಲ್ಲ.'

ಆದರೂ ಕಳಿಸು ಅಂದೆ.

'ಕಳಿಸ್ತೆ ಅಕ್ಕಾ. ಮೂರು ದಿನದಿಂದ ಕರೆಂಟ್ ಇಲ್ಲ ಇಲ್ಲಿ. ಲೈನ್ ಮೇಲೆ ಮರ ಬಿದ್ದಿದೆ.'